ಹೈಬ್ರಿಡ್ ಕಾರಿಗೆ ಪೆಟ್ರೋಲ್: ಟ್ಯಾಂಕ್ ಎಷ್ಟು ಹಿಡಿಯುತ್ತದೆ, ಎಲ್ಲಿಗೆ ನಿಲ್ಲಿಸಬೇಕು

ನಾಝಲ್ ಒಮ್ಮೆ ‘ಟಕ್’ ಎಂದು ನಿಂತ ಮೇಲೂ ಇನ್ನೊಂದಿಷ್ಟು, ಮತ್ತೊಂದಿಷ್ಟು ಎಂದು ಕತ್ತಿನವರೆಗೆ ಪೆಟ್ರೋಲ್ ತುಂಬಿಸುವುದು ಹೈಬ್ರಿಡ್ ಕಾರು ಇರುವವರಲ್ಲಿ ಪದೇ ಪದೇ ಕಾಣುವ ತಪ್ಪು. ಕಾರಣಗಳೂ ಹೆಚ್ಚುಕಡಿಮೆ ಅವೇ: ಮೈಲೇಜ್ ಲೆಕ್ಕ ನಿಖರವಾಗಿ ಸಿಗಲಿ, ಬಿಲ್ ರೌಂಡ್ ಫಿಗರ್ ಆಗಲಿ, ದೂರದ ಪ್ರಯಾಣಕ್ಕೆ ಒಂದು ಲೀಟರ್ ಜಾಸ್ತಿ ಇರಲಿ. ಆ ಒಂದು ಲೀಟರಿನಿಂದ ಸಿಗುವುದು ಸುಮಾರು ಇಪ್ಪತ್ತು ಕಿಲೋಮೀಟರ್. ಅದಕ್ಕಾಗಿ ಪಣಕ್ಕಿಡುವುದು ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇಡೀ ವ್ಯವಸ್ಥೆಯನ್ನು. ಮಾಮೂಲಿ ಪೆಟ್ರೋಲ್ ಕಾರು ಈ ತಪ್ಪನ್ನು ಒಂದಷ್ಟು ದಿನ ತಡೆದುಕೊಳ್ಳಬಹುದು. ಹೈಬ್ರಿಡ್‌ಗೆ ಆ ತಾಳ್ಮೆ ಕಡಿಮೆ. ಯಾಕೆಂದು ಮೂರನೇ ಹಂತದಲ್ಲಿ ವಿವರಿಸಿದೆ. ಅವಸರದಲ್ಲಿದ್ದರೂ ಅದೊಂದನ್ನು ಬಿಡದೆ ಓದಿ.

## ಕೈಯಲ್ಲಿ ಇರಬೇಕಾದವು

ಕಾರಿನ ಮಾಲೀಕರ ಕೈಪಿಡಿ, ಲೀಟರ್ ಮತ್ತು ಓಡೋಮೀಟರ್ ಬರೆದಿಡಲು ಒಂದು ಪುಟ್ಟ ನೋಟ್‌ಬುಕ್, ಒಣಬಟ್ಟೆ, ಪೆಟ್ರೋಲ್ ತಾಗಿದರೆ ಕರಗದ ನೈಟ್ರೈಲ್ ಕೈಗವಸು, ಟಾರ್ಚ್. ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮೊದಲ ಏಳು ಹಂತಗಳಿಗೆ ತೊಂದರೆ ಇಲ್ಲ.

## ಹಂತ 1: ಕೈಪಿಡಿಯ ಅಂಕಿಯನ್ನು ಸರಿಯಾಗಿ ಓದಿ

ಕೈಪಿಡಿಯ ಕೊನೆಯ ಭಾಗದಲ್ಲಿ ಟ್ಯಾಂಕಿನ ಸಾಮರ್ಥ್ಯ ಇರುತ್ತದೆ. ಮಾದರಿ ಮಾದರಿಗೆ ಅದು ಬೇರೆ. ಟೊಯೊಟಾ ಯಾರಿಸ್ ಹೈಬ್ರಿಡ್ 36 ಲೀಟರ್, ಹೋಂಡಾ ಸಿಟಿ ಹೈಬ್ರಿಡ್ 40, ಕೊರೊಲಾ ಹೈಬ್ರಿಡ್ ಮತ್ತು ನಾಲ್ಕನೇ ಪೀಳಿಗೆಯ ಪ್ರಿಯಸ್ 43, ಮೂರನೇ ಪೀಳಿಗೆಯ ಪ್ರಿಯಸ್ ಮತ್ತು ಗ್ರ್ಯಾಂಡ್ ವಿಟಾರಾ ಹೈಬ್ರಿಡ್ 45, ಇನ್ನೋವಾ ಹೈಕ್ರಾಸ್ 52, ರಾವ್4 ಹೈಬ್ರಿಡ್ 55. ಒಂದೇ ಹೆಸರಿನ ಕಾರಿನಲ್ಲೂ ಪೀಳಿಗೆ ಬದಲಾದಾಗ, ನಾಲ್ಕು ಚಕ್ರಕ್ಕೂ ಚಾಲನೆ ಇರುವ ಆವೃತ್ತಿ ಬಂದಾಗ ಅಂಕಿ ಬದಲಾಗುತ್ತದೆ. ಗೆಳೆಯರ ಕಾರಿನ ಅಂಕಿ ನಿಮ್ಮ ಕಾರಿಗೆ ಅನ್ವಯಿಸದು.

ಗ್ಯಾಲನ್‌ನಲ್ಲಿ ಬರೆದಿದ್ದರೆ ಯಾವ ಗ್ಯಾಲನ್ ಎಂದು ನೋಡಿ. ಅಮೆರಿಕದ ಗ್ಯಾಲನ್ ಎಂದರೆ 3.785 ಲೀಟರ್, ಬ್ರಿಟನ್ನಿನದು 4.546. 11.9 ಅಮೆರಿಕನ್ ಗ್ಯಾಲನ್ 45 ಲೀಟರ್ ಆಗುತ್ತದೆ. ಅದನ್ನೇ ಬ್ರಿಟಿಷ್ ಗ್ಯಾಲನ್ ಎಂದು ಲೆಕ್ಕ ಹಾಕಿದರೆ 54 ಬರುತ್ತದೆ. ಇಲ್ಲದ ಒಂಬತ್ತು ಲೀಟರನ್ನು ಟ್ಯಾಂಕಿಗೆ ತುರುಕಲು ಹೊರಡುವವರು ಹೀಗೂ ಹುಟ್ಟಿಕೊಳ್ಳುತ್ತಾರೆ.

ಇನ್ನೊಂದು ಮಾತು. ಈ ಅಂಕಿ ನೀವು ಬಂಕಿನಲ್ಲಿ ತುಂಬಿಸಲೇಬೇಕಾದ ಪ್ರಮಾಣವಲ್ಲ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಬಂದ ಕಾರಿಗೆ ಮಾತ್ರ ಅಷ್ಟು ಹಿಡಿಯುತ್ತದೆ, ಹಾಗೆ ಖಾಲಿ ಮಾಡಿಕೊಂಡು ಬರಲೂ ಬಾರದು. ಇಂಧನ ಕಡಿಮೆ ಎಂಬ ಹಳದಿ ದೀಪ ಹತ್ತಿದಾಗಲೂ ಸಾಮಾನ್ಯವಾಗಿ ಟ್ಯಾಂಕಿನ ಶೇಕಡಾ ಹತ್ತರಿಂದ ಹದಿನೈದರಷ್ಟು ಉಳಿದಿರುತ್ತದೆ. ಹಾಗಾಗಿ 45 ಲೀಟರಿನ ಟ್ಯಾಂಕಿಗೆ 38 ಲೀಟರ್ ಹಿಡಿದು ನಿಂತರೆ ಅಲ್ಲಿ ತಪ್ಪೇನೂ ಆಗಿಲ್ಲ.

## ಹಂತ 2: ನಿಮ್ಮ ಕಾರು ನಿಜಕ್ಕೂ ಎಷ್ಟು ಹಿಡಿಯುತ್ತದೆ ಎಂದು ಅಳೆಯಿರಿ

ಈ ಅಳತೆ ಒಮ್ಮೆ ಕೈಗೆ ಸಿಕ್ಕರೆ ಆಮೇಲೆ ಬಂಕಿನಲ್ಲಿ ಅನುಮಾನ ಇರುವುದಿಲ್ಲ.

ಹಳದಿ ದೀಪ ಹತ್ತಿದ ಕೂಡಲೇ ಓಡೋಮೀಟರ್ ಬರೆದುಕೊಳ್ಳಿ. ಆದಷ್ಟು ಬೇಗ ಸಮತಟ್ಟಾದ ಬಂಕಿಗೆ ಹೋಗಿ, ಸಾಧಾರಣ ವೇಗದಲ್ಲಿ ತುಂಬಿಸಿ, ಮೊದಲ ಕ್ಲಿಕ್‌ಗೆ (ನಾಝಲ್ ತಾನಾಗೇ ‘ಟಕ್’ ಎಂದು ನಿಂತಾಗ) ನಿಲ್ಲಿಸಿ, ಎಷ್ಟು ಲೀಟರ್ ಹಿಡಿಯಿತೆಂದು ಬರೆಯಿರಿ. ಕೈಪಿಡಿಯ ಅಂಕಿಯಿಂದ ಅದನ್ನು ಕಳೆಯಿರಿ. 45 ಲೀಟರಿನ ಟ್ಯಾಂಕಿಗೆ 37.8 ಹಿಡಿದರೆ ಉಳಿದದ್ದು 7.2 ಲೀಟರ್, ದೀಪ ಹತ್ತಿದಾಗ ಹೆಚ್ಚುಕಡಿಮೆ ಅಷ್ಟು ಮೀಸಲು ಇರುತ್ತದೆ ಎಂದು ಅರ್ಥ. ಇದನ್ನೇ ಮೂರು ಸಲ ಮಾಡಿ. ಮೂರು ಅಂಕಿಗಳೂ ಒಂದೂವರೆ ಲೀಟರಿನ ಒಳಗೆ ಕೂತರೆ ಟ್ಯಾಂಕ್, ಗೇಜ್ ಎರಡೂ ಸರಿ ಇವೆ.

ಕಾರನ್ನು ನಿಲ್ಲುವವರೆಗೆ ಓಡಿಸಿ ಅಳೆಯುವ ಸಾಹಸ ಬೇಡ. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಮುಗಿದರೂ ಕಾರು ಬ್ಯಾಟರಿಯಲ್ಲಿ ಸ್ವಲ್ಪ ದೂರ ಸಾಗುತ್ತದೆ, ಆ ಭರವಸೆಯಲ್ಲಿ ಮುಂದುವರಿಸಿದರೆ ಹೈ-ವೋಲ್ಟೇಜ್ ಬ್ಯಾಟರಿ ಪೂರ್ತಿ ಇಳಿಯುತ್ತದೆ. ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಎಂಜಿನ್ನನ್ನು ತಿರುಗಿಸಿ ಹೊತ್ತಿಸುವುದೇ ಆ ಬ್ಯಾಟರಿ. ಅದೂ ಇಳಿದರೆ ಪೆಟ್ರೋಲ್ ತಂದು ಸುರಿದರೂ ಕಾರು ಏಳದು.

ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ನಿರ್ಲಕ್ಷಿಸಬೇಡಿ. 2019 ಮತ್ತು 2020ರ ಕೆಲವು ರಾವ್4 ಹೈಬ್ರಿಡ್ ಕಾರುಗಳಲ್ಲಿ 55 ಲೀಟರಿನ ಟ್ಯಾಂಕ್ ಅಷ್ಟು ತುಂಬುತ್ತಲೇ ಇರಲಿಲ್ಲ, ಹಲವು ಲೀಟರ್ ಬಾಕಿ ಇರುವಾಗಲೇ ನಾಝಲ್ ನಿಂತುಬಿಡುತ್ತಿತ್ತು. ಟ್ಯಾಂಕಿನ ಆಕಾರದಲ್ಲೇ ದೋಷವಿದೆ ಎಂದು ಗೊತ್ತಾಗಿ ಟ್ಯಾಂಕ್ ಬದಲಿಸುವ ಪರಿಹಾರ ಬಂತು. ಎರಡನೇ ಪೀಳಿಗೆಯ ಪ್ರಿಯಸ್‌ನ ಉತ್ತರ ಅಮೆರಿಕದ ಕಾರುಗಳಲ್ಲಿ ಲೋಹದ ಟ್ಯಾಂಕಿನೊಳಗೆ ಹಿಗ್ಗುವ ಒಂದು ಚೀಲವಿತ್ತು. ಚಳಿಗೆ ಚೀಲ ಗಟ್ಟಿಯಾಗಿ ಕಡಿಮೆ ಪೆಟ್ರೋಲ್ ಹಿಡಿಯುತ್ತಿತ್ತು. ಇಂಥ ಕಾರಿಗೆ ಬಲವಂತದಿಂದ ತುಂಬಿಸಿದರೆ ಸಾಮರ್ಥ್ಯವೇನೂ ಹೆಚ್ಚುವುದಿಲ್ಲ. ಪೆಟ್ರೋಲ್ ಹೋಗಬಾರದ ಕಡೆ ಹೋಗುತ್ತದೆ, ಅಷ್ಟೇ.

## ಹಂತ 3: ಟ್ಯಾಂಕಿನ ಮೇಲಿನ ಖಾಲಿ ಜಾಗ ಯಾಕಿದೆ ಎಂದು ತಿಳಿಯಿರಿ

ಕ್ಲಿಕ್ ಆದಾಗಲೂ ಟ್ಯಾಂಕಿನಲ್ಲಿ ಜಾಗ ಇರುತ್ತದೆ, ನಿಜ. ತುಂಬಿಸುವವರ ವಾದವೂ ಇದೇ: ‘ಇನ್ನೂ ಹಿಡಿಯುತ್ತದಲ್ಲ’. ಹಿಡಿಯುತ್ತದೆ. ಆದರೆ ಆ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ, ಅದಕ್ಕೆ ಎರಡು ಕೆಲಸ ಇದೆ.

ಮೊದಲನೆಯದು, ಹಿಗ್ಗುವಿಕೆ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಗಾತ್ರದ ಸುಮಾರು 0.00095 ಪಾಲು ಹಿಗ್ಗುತ್ತದೆ. ನೆಲದಡಿಯ ತೊಟ್ಟಿಯಿಂದ ತಂಪಾಗಿ ಬಂದ 45 ಲೀಟರ್, ಬಿಸಿಲಲ್ಲಿ ನಿಂತ ಕಾರಿನಲ್ಲಿ 20 ಡಿಗ್ರಿ ಕಾದರೆ ಸುಮಾರು 0.85 ಲೀಟರ್ ಉಬ್ಬುತ್ತದೆ. ಮೇಲೆ ಜಾಗ ಇದ್ದರೆ ಇದು ಯಾರಿಗೂ ಗೊತ್ತೇ ಆಗುವುದಿಲ್ಲ. ಜಾಗ ಇಲ್ಲದಿದ್ದರೆ ಆ ಮುಕ್ಕಾಲು ಲೀಟರಿಗೂ ಹೆಚ್ಚು ಪೆಟ್ರೋಲ್ ಆವಿಯ ಕೊಳವೆ ಹಿಡಿದು ಹೊರಡುತ್ತದೆ.

ಎರಡನೆಯದು, ಆವಿ. ಟ್ಯಾಂಕಿನಲ್ಲಿ ಸದಾ ಏಳುವ ಪೆಟ್ರೋಲ್ ಆವಿಯನ್ನು ಗಾಳಿಗೆ ಬಿಡುವಂತಿಲ್ಲ. ಅದು ಮೇಲಿನ ಖಾಲಿ ಜಾಗದಿಂದ ಒಂದು ಕೊಳವೆ ಮೂಲಕ ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ತುಂಬ ಸಕ್ರಿಯ ಇದ್ದಿಲಿನ ಹರಳು. ಇದ್ದಿಲಿನ ಸೂಕ್ಷ್ಮ ರಂಧ್ರಗಳಲ್ಲಿ ಆವಿ ಕೂತಿರುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು, ಎಂಜಿನ್ನಿನ ಎಳೆತಕ್ಕೆ ಹೊರಗಿನ ಗಾಳಿ ಇದ್ದಿಲನ್ನು ಹಾಯ್ದು ಬಂದು, ಆವಿಯನ್ನು ಹೊತ್ತುಕೊಂಡು ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಇದ್ದಿಲು ಮತ್ತೆ ಬರಿದಾಗಿ ಮುಂದಿನ ಆವಿಗೆ ಸಿದ್ಧವಾಗುತ್ತದೆ.

ಈ ಡಬ್ಬಿ ಇರುವುದು ಆವಿಗಾಗಿ, ದ್ರವಕ್ಕಲ್ಲ. ದ್ರವ ಪೆಟ್ರೋಲ್ ಅದರೊಳಗೆ ನುಗ್ಗಿದರೆ ರಂಧ್ರಗಳೆಲ್ಲ ಮುಚ್ಚಿಹೋಗುತ್ತವೆ. ಹಗುರ ಅಂಶಗಳು ಹೇಗೋ ಹೊರಬಂದಾವು, ಭಾರದ ಅಂಶಗಳು ಅಲ್ಲೇ ಉಳಿಯುತ್ತವೆ. ಪದೇ ಪದೇ ನೆನೆದರೆ ಹರಳುಗಳು ಪುಡಿಯಾಗಿ, ಪುಡಿ ಪರ್ಜ್ ವಾಲ್ವ್‌ನ ಬಾಯಿಗೆ ಸಿಕ್ಕಿಕೊಂಡು, ವಾಲ್ವ್ ಪೂರ್ತಿ ಮುಚ್ಚದಂತಾಗುತ್ತದೆ. ದ್ರವ ಹೋಗದಂತೆ ತಡೆಯಲು ಟ್ಯಾಂಕಿನ ಮೇಲ್ಭಾಗದಲ್ಲಿ ತೇಲುವ ವಾಲ್ವ್ ಇರುತ್ತದೆ. ಮಟ್ಟ ಏರಿದಾಗ ಅದು ಮುಚ್ಚಿಕೊಳ್ಳುತ್ತದೆ, ಪೆಟ್ರೋಲ್ ಕತ್ತಿನ ಕೊಳವೆಗೆ ಏರಿ ನಾಝಲ್‌ಗೆ ತಾಗುತ್ತದೆ, ಅದರಿಂದಲೇ ಕ್ಲಿಕ್ ಆಗುತ್ತದೆ. ಮುಚ್ಚಿದ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಆ ಕಾವಲನ್ನು ದಾಟಿಸುವವರು ನಾವೇ ಆಗುತ್ತೇವೆ. ತುಂಬಿಸುವಾಗಿನ ಆವಿಯನ್ನೂ ಕಾರಿನೊಳಗೇ ಹಿಡಿಯುವ ವ್ಯವಸ್ಥೆ ಇರುವ ಕಾರುಗಳಲ್ಲಿ ಕ್ಯಾನಿಸ್ಟರ್‌ಗೆ ಹೋಗುವ ಕೊಳವೆ ದಪ್ಪ, ಅಪಾಯವೂ ಅಷ್ಟೇ ದೊಡ್ಡದು.

ಈಗ ಹೈಬ್ರಿಡ್‌ನ ಮಾತು. ಇದ್ದಿಲು ಬರಿದಾಗುವುದು ಎಂಜಿನ್ ಓಡುವಾಗ ಮಾತ್ರ. ಹೈಬ್ರಿಡ್‌ನಲ್ಲಿ ಎಂಜಿನ್ ಓಡುವ ಹೊತ್ತೇ ಕಡಿಮೆ. ಸಿಗ್ನಲ್‌ನಲ್ಲಿ, ನಿಧಾನ ಸಂಚಾರದಲ್ಲಿ, ಇಳಿಜಾರಿನಲ್ಲಿ ಅದು ಆಫ್ ಆಗಿರುತ್ತದೆ. ಜೊತೆಗೆ ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಇರುವ, ಇಂಧನ ಉಳಿಸಲೆಂದೇ ರೂಪಿಸಿದ ಅಟ್ಕಿನ್ಸನ್ ಬಗೆಯ ಎಂಜಿನ್ನಿನಲ್ಲಿ ಗಾಳಿ ಎಳೆಯುವ ನಿರ್ವಾತ ಮಾಮೂಲಿ ಎಂಜಿನ್ನಿಗಿಂತ ದುರ್ಬಲ. ಮಾಮೂಲಿ ಕಾರು ಅರ್ಧ ದಿನದಲ್ಲಿ ಒಣಗಿಸಿಕೊಳ್ಳುವ ಕ್ಯಾನಿಸ್ಟರನ್ನು ಹೈಬ್ರಿಡ್ ದಿನಗಟ್ಟಲೆ ಹಸಿಯಾಗೇ ಹೊತ್ತು ತಿರುಗುತ್ತದೆ. ಕೇಬಲ್ ಸಿಕ್ಕಿಸಿ ಬ್ಯಾಟರಿ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್ ಆದರೆ ವಾರಗಟ್ಟಲೆ.

## ಹಂತ 4: ಬಂಕಿನಲ್ಲಿ ಕಾರನ್ನು ನಿಜವಾಗಿ ಆಫ್ ಮಾಡಿ

ಎಂಜಿನ್ ಸದ್ದು ನಿಂತಿದೆ ಎಂದರೆ ಹೈಬ್ರಿಡ್ ಆಫ್ ಆಗಿದೆ ಎಂದಲ್ಲ. ‘ರೆಡಿ’ ದೀಪ ಉರಿಯುತ್ತಿದ್ದರೆ, ಬ್ಯಾಟರಿ ಇಳಿದ ಕ್ಷಣಕ್ಕೋ ಏಸಿ ಕೇಳಿದ ಕ್ಷಣಕ್ಕೋ ಎಂಜಿನ್ ತನ್ನಷ್ಟಕ್ಕೆ ಹೊತ್ತಿಕೊಳ್ಳಬಹುದು, ನಾಝಲ್ ಕಾರಿನೊಳಗೆ ಇರುವಾಗಲೇ. ಈ ಮಾರ್ಗದರ್ಶಿಯಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಹಂತ ಇದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಕ್ರಮ ಹೀಗೆ: ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಎಳೆದು, ಪವರ್ ಬಟನ್ ಒತ್ತಿ. ಮೀಟರ್ ಪೂರ್ತಿ ಕಪ್ಪಾಗಿ ‘ರೆಡಿ’ ದೀಪ ಆರಿದ್ದನ್ನು ಕಣ್ಣಾರೆ ನೋಡಿ. ಪ್ಲಗ್-ಇನ್ ಆದರೆ ಚಾರ್ಜಿಂಗ್ ಕೇಬಲ್ ಸಿಕ್ಕಿಸಿಕೊಂಡು ಪೆಟ್ರೋಲ್ ಹಾಕಬೇಡಿ. ಇಳಿದ ಮೇಲೆ ಬಾಡಿಯ ಬರಿ ಲೋಹವನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಿ, ಮೈಮೇಲಿನ ಸ್ಥಿರ ವಿದ್ಯುತ್ ಇಳಿಯಲಿ. ತುಂಬಿಸುವಾಗ ಮತ್ತೆ ಕಾರಿನೊಳಗೆ ಹೋಗಿ ಕೂರಬೇಡಿ. ಸೀಟಿಗೆ ಮೈ ಉಜ್ಜಿ ಮತ್ತೆ ವಿದ್ಯುತ್ ಹತ್ತುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸಿದರೆ ಟ್ಯಾಂಕಿನೊಳಗಿನ ತೇಲುವ ವಾಲ್ವ್‌ಗೆ ಮಟ್ಟ ತಪ್ಪಾಗಿ ಸಿಗುತ್ತದೆ. ಒಂದು ಕಡೆ ವಾಲಿದರೆ ಬೇಗ ಕ್ಲಿಕ್, ಇನ್ನೊಂದು ಕಡೆ ವಾಲಿದರೆ ತಡವಾಗಿ ಕ್ಲಿಕ್. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ನೀವು ಏನೂ ತಪ್ಪು ಮಾಡದೆ ಹೆಚ್ಚು ತುಂಬಿರುತ್ತದೆ.

## ಹಂತ 5: ಪ್ಲಗ್-ಇನ್ ಆದರೆ ಒತ್ತಡ ಇಳಿಯುವವರೆಗೆ ಕಾಯಿರಿ

ಎಂಜಿನ್ ದಿನಗಟ್ಟಲೆ ಓಡದ ಕಾರಿನಲ್ಲಿ ಆವಿಯನ್ನು ಕ್ಯಾನಿಸ್ಟರ್‌ಗೆ ಕಳಿಸುತ್ತಲೇ ಇದ್ದರೆ ಅದು ತುಂಬಿಹೋಗುತ್ತದೆ. ಅದಕ್ಕೇ ಹೆಚ್ಚಿನ ಪ್ಲಗ್-ಇನ್‌ಗಳಲ್ಲಿ ಟ್ಯಾಂಕ್ ಗಟ್ಟಿಯಾಗಿ ಮುಚ್ಚಿದ್ದು, ಆವಿ ಒತ್ತಡದಲ್ಲಿ ಒಳಗೇ ಉಳಿಯುತ್ತದೆ. ಶೆವರ್ಲೆ ವೋಲ್ಟ್, ಪ್ರಿಯಸ್‌ನ ಪ್ಲಗ್-ಇನ್ ಆವೃತ್ತಿ, ಔಟ್‌ಲ್ಯಾಂಡರ್ ಪ್ಲಗ್-ಇನ್ ಎಲ್ಲದರಲ್ಲೂ ಇಂಧನ ಬಾಗಿಲು ತೆರೆಯಲು ಒಳಗೆ ಬಟನ್ ಇರುವುದು ಈ ಕಾರಣಕ್ಕೆ. ಬಟನ್ ಒತ್ತಿದಾಗ ಒತ್ತಡ ನಿಧಾನಕ್ಕೆ ಕ್ಯಾನಿಸ್ಟರ್ ಮೂಲಕ ಇಳಿಯುತ್ತದೆ, ಆಮೇಲೆ ಬಾಗಿಲು ಬಿಚ್ಚಿಕೊಳ್ಳುತ್ತದೆ ಅಥವಾ ‘ಇಂಧನ ತುಂಬಬಹುದು’ ಎಂಬ ಸಂದೇಶ ಬರುತ್ತದೆ. ಕೆಲವು ಕ್ಷಣ ಹಿಡಿಯಬಹುದು, ಬಿಸಿಲಿನ ದಿನ ಇನ್ನೂ ಹೆಚ್ಚು.

ಬಾಗಿಲನ್ನು ಉಗುರು ಹಾಕಿ ಎಬ್ಬಬೇಡಿ. ಬಾಗಿಲು ತೆರೆದು ಮುಚ್ಚಳ ಹಾಗೇ ಬಿಟ್ಟು ಯೋಚಿಸುತ್ತ ನಿಲ್ಲಲೂಬೇಡಿ. ಹಲವು ಮಾದರಿಗಳು ಸ್ವಲ್ಪ ಹೊತ್ತಿನ ನಂತರ ಟ್ಯಾಂಕನ್ನು ಮತ್ತೆ ಮುಚ್ಚಿಬಿಡುತ್ತವೆ. ಆಗ ನಾಝಲ್ ಹಾಕಿದರೆ ಒಂದೇ ಸಮನೆ ಕ್ಲಿಕ್ ಆಗುತ್ತದೆ, ಪೆಟ್ರೋಲ್ ಹಿಂದಕ್ಕೆ ಉಗುಳಲೂಬಹುದು. ಹಾಗಾದರೆ ಮುಚ್ಚಳ ಹಾಕಿ, ಬಾಗಿಲು ಮುಚ್ಚಿ, ಬಟನ್‌ನಿಂದ ಮತ್ತೆ ಶುರು ಮಾಡಿ.

## ಹಂತ 6: ನಾಝಲ್ ಹಿಡಿಯುವ ರೀತಿ, ಮೊದಲ ಕ್ಲಿಕ್

ಮುಚ್ಚಳವನ್ನು ಒಂದೇ ಸಲ ತಿರುಗಿಸಿ ತೆಗೆಯಬೇಡಿ. ಅರ್ಧ ಸುತ್ತು ಸಡಿಲಿಸಿ, ‘ಸ್’ ಎಂಬ ಸದ್ದು ನಿಲ್ಲುವವರೆಗೆ ತಡೆದು, ಆಮೇಲೆ ತೆಗೆಯಿರಿ. ನಾಝಲನ್ನು ಪೂರ್ತಿ ಒಳಗೆ ಇಳಿಸಿ, ಹಿಡಿ ಕೆಳಮುಖವಾಗಿ ಸಹಜ ಕೋನದಲ್ಲಿ ಇರಲಿ. ಅರ್ಧ ಹೊರಗೆ ಎಳೆದು ತುಂಬಿಸುವ ಅಭ್ಯಾಸವೇ ಮೊದಲ ತಪ್ಪು.

ಯಾಕೆ ಎಂದರೆ, ನಾಝಲ್‌ನ ತುದಿಯಲ್ಲಿ ಒಂದು ಸಣ್ಣ ತೂತು ಇದೆ. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಎಳೆಯುತ್ತಿರುತ್ತದೆ. ಮಟ್ಟ ಏರಿ ಪೆಟ್ರೋಲ್ ತೂತನ್ನು ಮುಚ್ಚಿದ ಕೂಡಲೇ ಗಾಳಿ ನಿಂತು, ಒಳಗೆ ನಿರ್ವಾತ ಹೆಚ್ಚಿ, ಒಂದು ಪೊರೆ ಎಳೆದುಕೊಂಡು ಸನ್ನೆ ಬಿಡುತ್ತದೆ. ಕ್ಲಿಕ್ ಎಂದರೆ ಇಷ್ಟೇ, ಅದರಲ್ಲಿ ಯಾವ ವಿದ್ಯುನ್ಮಾನವೂ ಇಲ್ಲ. ನಾಝಲ್ ಮೇಲೆತ್ತಿ ಹಿಡಿದರೆ ತೂತೂ ಮೇಲೆ ಹೋಗುತ್ತದೆ, ಕತ್ತಿನ ಕೊಳವೆ ತುಂಬುವವರೆಗೆ ಕ್ಲಿಕ್ ಬರುವುದೇ ಇಲ್ಲ.

ಮೊದಲ ಕ್ಲಿಕ್ ಆದ ಮೇಲೆ ಹಿಡಿಯನ್ನು ಮತ್ತೆ ಒತ್ತಬೇಡಿ. ನಾಝಲ್ ಇದ್ದಲ್ಲೇ ಐದರಿಂದ ಹತ್ತು ಸೆಕೆಂಡ್ ಇರಲಿ, ಕೊಳವೆಯಲ್ಲಿ ಉಳಿದ ಹನಿ ಇಳಿಯುತ್ತದೆ. ಆಮೇಲೆ ಬಾಯಿ ಮೇಲ್ಮುಖ ಮಾಡಿ ಹೊರಗೆ ತೆಗೆಯಿರಿ. ಬೇರೆಯವರು ತುಂಬಿಸುತ್ತಿದ್ದರೆ ಶುರುವಿಗೆ ಮೊದಲೇ ‘ಆಟೋ ಕಟ್ ಆದರೆ ಸಾಕು, ರೌಂಡ್ ಮಾಡಬೇಡಿ’ ಎಂದು ಹೇಳಿ, ಪಕ್ಕದಲ್ಲೇ ನಿಲ್ಲಿ. ಮೊತ್ತ ರೌಂಡ್ ಆಗಲೇಬೇಕಿದ್ದರೆ ಟ್ಯಾಂಕ್ ತುಂಬುವ ಗೊಡವೆಗೆ ಹೋಗದೆ ಇಂತಿಷ್ಟು ಮೊತ್ತಕ್ಕೆ ಎಂದು ಕೇಳಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಆವಿಯನ್ನು ಹಿಂದಕ್ಕೆ ಎಳೆದುಕೊಳ್ಳುವ ನಾಝಲ್ ಇರುವ ಬಂಕಿನಲ್ಲಿ ಕ್ಲಿಕ್ ನಂತರ ಒತ್ತಿದ ಪೆಟ್ರೋಲ್‌ನ ಒಂದು ಭಾಗ ಅದೇ ಆವಿಯ ದಾರಿಯಲ್ಲಿ ಬಂಕಿನ ತೊಟ್ಟಿಗೇ ವಾಪಸ್ ಹೋಗಬಹುದು. ಮೀಟರ್ ಓಡಿರುತ್ತದೆ, ದುಡ್ಡು ಕೊಟ್ಟಿರುತ್ತೀರಿ, ಪೆಟ್ರೋಲ್ ಮಾತ್ರ ನಿಮ್ಮ ಕಾರಿನಲ್ಲಿ ಇರುವುದಿಲ್ಲ.

## ಹಂತ 7: ಮುಚ್ಚಳ

ಕೈಪಿಡಿ ಹೇಳಿದಷ್ಟು ಸಲ ‘ಕಟ್’ ಎನ್ನುವವರೆಗೆ ತಿರುಗಿಸಿ. ಮುಚ್ಚಳದ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯೇ, ಮುಚ್ಚಳದ ದಾರ ಅಂಚಿಗೆ ಸಿಕ್ಕಿದೆಯೇ ನೋಡಿ. ಸಡಿಲ ಮುಚ್ಚಳ ಒಂದೇ ಸಾಕು ಚೆಕ್ ಎಂಜಿನ್ ದೀಪ ಹತ್ತಲು. ಬಿಗಿ ಮಾಡಿದ ಕೂಡಲೇ ದೀಪ ಆರದು, ಕಾರು ತನ್ನ ಸೋರಿಕೆ ಪರೀಕ್ಷೆಯನ್ನು ಮತ್ತೆ ಕೆಲವು ಸಲ ಮಾಡಿ ಪಾಸಾಗಬೇಕು. ಹಲವು ಟೊಯೊಟಾ ಹೈಬ್ರಿಡ್‌ಗಳಲ್ಲಿ ಈ ಪರೀಕ್ಷೆ ನಡೆಯುವುದು ಕಾರು ಆಫ್ ಮಾಡಿ ಸುಮಾರು 5 ಗಂಟೆಯಾದ ಮೇಲೆ. ನಿಂತ ಕಾರಿನ ಹಿಂಭಾಗದಿಂದ ರಾತ್ರಿ ಸಣ್ಣಗೆ ಪಂಪ್ ಗುಂಯ್‌ಗುಡುವ ಸದ್ದು ಬಂದರೆ ಗಾಬರಿಯಾಗಬೇಡಿ.

## ಟ್ಯಾಂಕ್ ಖಾಲಿ ಇದ್ದರೂ ಬೇಗ ಬೇಗ ಕ್ಲಿಕ್ ಆದರೆ

ಇಲ್ಲಿ ‘ಮೊದಲ ಕ್ಲಿಕ್‌ಗೆ ನಿಲ್ಲಿಸಿ’ ಎಂಬುದಕ್ಕೆ ಒಂದು ತಿದ್ದುಪಡಿ ಬೇಕು. ಹಂತ 2ರ ಅಳತೆ ಉಪಯೋಗಕ್ಕೆ ಬರುವುದೇ ಈಗ. ಹಳದಿ ದೀಪ ಹತ್ತಿದ 45 ಲೀಟರಿನ ಟ್ಯಾಂಕಿಗೆ ಎಂಟೋ ಹತ್ತೋ ಲೀಟರ್ ಹೋಗುವಾಗಲೇ ಕ್ಲಿಕ್ ಆದರೆ ಅದು ತುಂಬಿದ ಕ್ಲಿಕ್ ಅಲ್ಲ.

ಮೊದಲು ನಾಝಲನ್ನು ಸ್ವಲ್ಪ ತಿರುಗಿಸಿ, ವೇಗ ಕಡಿಮೆ ಮಾಡಿ ನೋಡಿ. ಕತ್ತಿನ ಕೊಳವೆಯ ತಿರುವಿಗೆ ರಭಸದ ಪೆಟ್ರೋಲ್ ಬಡಿದು ಹಿಂದಕ್ಕೆ ಚಿಮ್ಮಿದರೂ ಕ್ಲಿಕ್ ಆಗುತ್ತದೆ. ಆಗಲೂ ನಿಂತರೆ ಬೇರೆ ಪಂಪಿನಲ್ಲಿ ಪ್ರಯತ್ನಿಸಿ. ಎರಡು ಮೂರು ಬಂಕಿನಲ್ಲಿ ಇದೇ ಕಥೆಯಾದರೆ ತೊಂದರೆ ಕಾರಿನಲ್ಲಿದೆ: ಟ್ಯಾಂಕಿನೊಳಗಿನ ಗಾಳಿ ಹೊರಹೋಗಲು ದಾರಿ ಇಲ್ಲ. ಕ್ಯಾನಿಸ್ಟರ್‌ನ ಗಾಳಿ ಫಿಲ್ಟರಿನಲ್ಲಿ ಧೂಳು ಅಥವಾ ಜೇಡರ ಗೂಡು, ತೆರೆಯದ ವೆಂಟ್ ವಾಲ್ವ್ (ಕ್ಯಾನಿಸ್ಟರ್‌ನಿಂದ ಹೊರಗಿನ ಗಾಳಿಗೆ ದಾರಿ ಬಿಡುವ ಕವಾಟ), ಮಡಚಿದ ಕೊಳವೆ, ಇಲ್ಲವೇ ಹಿಂದೆ ಅತಿಯಾಗಿ ತುಂಬಿಸಿ ನೆನೆದುಹೋದ ಕ್ಯಾನಿಸ್ಟರ್. ಕೊನೆಯದು ಒಂದು ವಿಷಚಕ್ರ. ಅತಿಯಾಗಿ ತುಂಬಿಸಿದ್ದಕ್ಕೆ ಕ್ಯಾನಿಸ್ಟರ್ ಕಟ್ಟಿಕೊಂಡಿತು, ಕಟ್ಟಿಕೊಂಡಿದ್ದಕ್ಕೆ ಬೇಗ ಕ್ಲಿಕ್, ಬೇಗ ಕ್ಲಿಕ್ ಆಗುತ್ತದೆಂದು ಮತ್ತೆ ಮತ್ತೆ ಒತ್ತಿ ತುಂಬಿಸುವುದು.

## ಹೆಚ್ಚು ತುಂಬಿಯೇ ಬಿಟ್ಟಿದ್ದರೆ

ಎಷ್ಟು ಹೆಚ್ಚಾಗಿದೆ, ಹೊರಗೆ ಚೆಲ್ಲಿದೆಯೇ ಎಂಬುದರ ಮೇಲೆ ಮುಂದಿನದು ನಿಂತಿದೆ.

ಕಾರಿನ ಅಡಿಯಿಂದ ಹನಿ ಬೀಳುತ್ತಿದ್ದರೆ, ನೆಲದಲ್ಲಿ ಪೆಟ್ರೋಲ್ ಹರಡಿದ್ದರೆ, ಕ್ಯಾಬಿನ್ನಿನಲ್ಲಿ ಗಾಢ ವಾಸನೆ ಇದ್ದರೆ ಪವರ್ ಬಟನ್ ಮುಟ್ಟಬೇಡಿ. ಬಂಕಿನವರಿಗೆ ತಿಳಿಸಿ, ಹೀರುವ ಮರಳು ಹಾಕಿಸಿ, ಕಾರನ್ನು ನ್ಯೂಟ್ರಲ್‌ಗೆ ತರಲು ಪವರ್ ಬೇಕಾಗುವ ಮಾದರಿಯಾದರೆ ಅವರ ಸಲಹೆಯಂತೆ ವಾಸನೆ ಆರುವವರೆಗೆ ಅಲ್ಲೇ ಬಿಡಿ. ಬಾಡಿಯ ಮೇಲೆ ಚೆಲ್ಲಿದ್ದನ್ನು ಒರೆಸಬೇಡಿ, ಧಾರಾಳ ನೀರು ಹಾಕಿ ತೊಳೆಯಿರಿ. ಒರೆಸಿದರೆ ಬಣ್ಣಕ್ಕೆ ಕಲೆ ಹಿಡಿಯುತ್ತದೆ. ಬಟ್ಟೆಗೆ ಬಿದ್ದಿದ್ದರೆ ಒದ್ದೆ ಬಟ್ಟೆಯಲ್ಲೇ ಕಾರು ಹತ್ತಬೇಡಿ.

ಹೊರಗೆ ಏನೂ ಚೆಲ್ಲಿಲ್ಲ, ಒಂದೆರಡು ಲೀಟರ್ ಮಾತ್ರ ಹೆಚ್ಚಾಗಿದೆ ಎಂದಾದರೆ ಕೆಲಸ ಒಂದೇ: ಆ ಮಟ್ಟವನ್ನು ಬೇಗ ಇಳಿಸುವುದು. ತುಂಬಿಸಿದ ಕೂಡಲೇ ಬಿಸಿಲಲ್ಲಿ ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ. ಲೀಟರಿಗೆ 20 ಕಿಲೋಮೀಟರ್ ಕೊಡುವ ಕಾರಿಗೆ ಎರಡರಿಂದ ಮೂರು ಲೀಟರ್ ಉರಿಯಲು 40ರಿಂದ 60 ಕಿಲೋಮೀಟರ್ ಬೇಕು. ಹೆದ್ದಾರಿ ಸಿಕ್ಕರೆ ಒಳ್ಳೆಯದು, ಎಂಜಿನ್ ಎಡೆಬಿಡದೆ ಓಡುತ್ತದೆ. ನಗರದ ನಿಧಾನ ಸಂಚಾರದಲ್ಲಿ ಅದೇ ದೂರ ಹೋದರೂ ಎಂಜಿನ್ ಅರ್ಧ ಹೊತ್ತು ಆಫ್ ಇರುವುದರಿಂದ ಕ್ಯಾನಿಸ್ಟರ್‌ಗೆ ಒಣಗಲು ಅವಕಾಶ ಸಿಗದು. ಪ್ಲಗ್-ಇನ್ ಕಾರಿನಲ್ಲಿ ಎಲೆಕ್ಟ್ರಿಕ್ ಮೋಡ್ ಬಿಟ್ಟು, ಬ್ಯಾಟರಿ ಉಳಿಸುವ ಅಥವಾ ಚಾರ್ಜ್ ಮಾಡುವ ಮೋಡ್‌ಗೆ ಹಾಕಿ. ಪೂರ್ತಿ ಚಾರ್ಜ್ ಇರುವ ಪ್ಲಗ್-ಇನ್ ಅನ್ನು ಸುಮ್ಮನೆ ಓಡಿಸಿದರೆ ಒಂದು ಹನಿ ಪೆಟ್ರೋಲೂ ಇಳಿಯುವುದಿಲ್ಲ, ಇದನ್ನು ಮರೆಯುವವರು ಬಹಳ.

ಕತ್ತಿನ ಕೊಳವೆಗೆ ಪೈಪ್ ಹಾಕಿ ಪೆಟ್ರೋಲ್ ಎಳೆಯಲು ಹೋಗಬೇಡಿ. ಈಗಿನ ಕಾರುಗಳ ಕತ್ತಿನಲ್ಲಿ ತಡೆ ಕವಾಟ ಇರುತ್ತದೆ, ಪೈಪ್ ಸಿಕ್ಕಿ ಅದು ಮುರಿದರೆ ಹೊಸ ತೊಂದರೆ.

## ಎಚ್ಚರಿಕೆಯ ಚಿಹ್ನೆಗಳು

ಮಾಮೂಲಿ ಕಾರಿನಲ್ಲಿ ಕ್ಯಾನಿಸ್ಟರ್ ನೆನೆದರೆ ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಮಾಲೀಕರಿಗೆ ಕೇಳಿಸುತ್ತದೆ. ಹೈಬ್ರಿಡ್‌ನಲ್ಲಿ ಬಲಶಾಲಿ ಮೋಟರ್ ಎಂಜಿನ್ನನ್ನು ಕ್ಷಣಾರ್ಧದಲ್ಲಿ ತಿರುಗಿಸುವುದರಿಂದ ಆ ಒದ್ದಾಟ ಕೇಳಿಸುವುದಿಲ್ಲ. ಅದರ ಬದಲು ಎಂಜಿನ್ ಹೊತ್ತಿಕೊಳ್ಳುವಾಗ ಕಾರು ಒಂದು ಕ್ಷಣ ನಡುಗುತ್ತದೆ. ಪೆಟ್ರೋಲ್ ಹಾಕಿಸಿದ ದಿನ ಮಾತ್ರ ಈ ನಡುಕ ಇದ್ದು ಮರುದಿನ ಇಲ್ಲವಾದರೆ ಅನುಮಾನ ನೇರ ಕ್ಯಾನಿಸ್ಟರ್ ಮತ್ತು ಪರ್ಜ್ ವಾಲ್ವ್ ಕಡೆಗೆ.

ಉಳಿದವು ಸುಲಭವಾಗಿ ಕಾಣುತ್ತವೆ: ಹಿಂಬದಿ ಚಕ್ರದ ಬಳಿ ಪೆಟ್ರೋಲ್ ವಾಸನೆ, ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುವುದು, ಬೇಗ ಕ್ಲಿಕ್, ಚೆಕ್ ಎಂಜಿನ್ ದೀಪ. ಸ್ಕ್ಯಾನರ್ ಇದ್ದರೆ ಕೋಡ್ ಓದಿ. ಪಿ0457 ಬಂದರೆ ಮೊದಲು ಮುಚ್ಚಳ ನೋಡಿ. ಪಿ0455 ದೊಡ್ಡ ಸೋರಿಕೆ, ಪಿ0442 ಸಣ್ಣದು, ಪಿ0456 ಅತಿ ಸಣ್ಣದು. ಪಿ0441 ಪರ್ಜ್ ಹರಿವು ಸರಿಯಿಲ್ಲ ಎಂದು, ಪಿ0446 ವೆಂಟ್ ವಾಲ್ವ್ ನಿಯಂತ್ರಣದ ಕಡೆ ಬೊಟ್ಟು ಮಾಡುತ್ತದೆ, ಪಿ0496 ಬೇಡದ ಹೊತ್ತಲ್ಲೂ ಪರ್ಜ್ ಹರಿಯುತ್ತಿದೆ ಎಂದು. ಇವುಗಳ ಜೊತೆ ಪಿ0172, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು ಎಂಬ ಕೋಡೂ ಇದ್ದರೆ ದ್ರವ ಪೆಟ್ರೋಲೇ ಎಂಜಿನ್ನಿಗೆ ಹೋಗುತ್ತಿರಬಹುದು. ಆ ಸ್ಥಿತಿಯಲ್ಲಿ ಓಡಿಸುತ್ತ ಹೋದರೆ ಹೊಗೆಕೊಳವೆಯಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅತಿಯಾಗಿ ಕಾದು ಹಾಳಾಗುತ್ತದೆ.

ಕೋಡ್ ಅಳಿಸಿ ಸುಮ್ಮನಾಗಬೇಡಿ. ಅಳಿಸುವ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ದುರಸ್ತಿ ಮಾಡುವವರಿಗೆ ಬೇಕಾಗುವುದು ಅದೇ.

## ಕ್ಯಾನಿಸ್ಟರ್ ಕೆಟ್ಟಿದೆಯೇ ಎಂದು ನೋಡಿಸುವುದು

ಕ್ಯಾನಿಸ್ಟರ್ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕಿನ ಹತ್ತಿರ ಅಡಿಭಾಗದಲ್ಲಿರುತ್ತದೆ. ಅದೇ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಹೈ-ವೋಲ್ಟೇಜ್ ಕೇಬಲ್‌ಗಳೂ ಹಾದುಹೋಗುತ್ತವೆ. ಹೈಬ್ರಿಡ್ ತರಬೇತಿ ಇಲ್ಲದವರು ಬಿಚ್ಚುವ ಕೆಲಸಕ್ಕೆ ಕೈ ಹಾಕಬಾರದು, ಒತ್ತಡದ ಟ್ಯಾಂಕ್ ಇರುವ ಪ್ಲಗ್-ಇನ್‌ಗಳಲ್ಲಂತೂ ಖಂಡಿತ ಬೇಡ. ಆದರೆ ಏನು ಪರೀಕ್ಷೆ ಕೇಳಬೇಕೆಂದು ನಿಮಗೆ ಗೊತ್ತಿರಲಿ.

ಬಿಚ್ಚಿದ ಕ್ಯಾನಿಸ್ಟರನ್ನು ಅಲ್ಲಾಡಿಸಿದಾಗ ಒಳಗೆ ದ್ರವ ಕುಲುಕಿದರೆ, ಬಾಯಿಂದ ಪೆಟ್ರೋಲ್ ಹನಿದರೆ, ಕಪ್ಪು ಪುಡಿ ಉದುರಿದರೆ ಬದಲಿಸಲೇಬೇಕು. ಬಿಸಿಲಿಗಿಟ್ಟು ಒಣಗಿಸುವುದು ಪರಿಹಾರವಲ್ಲ. ಪುಡಿ ಕಂಡರೆ ಕ್ಯಾನಿಸ್ಟರ್ ಒಂದನ್ನೇ ಬದಲಿಸಿದರೆ ಸಾಲದು, ಪರ್ಜ್ ವಾಲ್ವ್ ಮತ್ತು ನಡುವಿನ ಕೊಳವೆಗಳಲ್ಲೂ ಪುಡಿ ಇರುತ್ತದೆ. ವಿದ್ಯುತ್ ಕೊಡದಿದ್ದಾಗ ಪರ್ಜ್ ವಾಲ್ವ್ ಮುಚ್ಚಿರಬೇಕು, ಅದರ ಮೂಲಕ ಗಾಳಿ ಹಾಯಬಾರದು. ಹಾದರೆ ಅದೂ ಹೋಗಿದೆ. ಹೊಸ ಕ್ಯಾನಿಸ್ಟರ್ ಹಾಕಿಸಿ ಹಳೆಯ ಪುಡಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ದೀಪ.

## ಅಂಚಿನವರೆಗೆ ತುಂಬಿಸದೆ ಮೈಲೇಜ್ ಅಳೆಯುವುದು

ಅತಿಯಾಗಿ ತುಂಬಿಸುವವರಲ್ಲಿ ದೊಡ್ಡ ಪಾಲು ಮೈಲೇಜ್ ಲೆಕ್ಕದವರು. ಅವರ ಚಿಂತೆ ಸುಳ್ಳಲ್ಲ: ಒಂದು ಬಂಕಿನ ಕ್ಲಿಕ್‌ಗೂ ಇನ್ನೊಂದರ ಕ್ಲಿಕ್‌ಗೂ ಒಂದು ಲೀಟರ್ ವ್ಯತ್ಯಾಸ ಬರಬಹುದು. 40 ಲೀಟರಿನ ಒಂದು ತುಂಬಿಸುವಿಕೆಯಲ್ಲಿ ಅದು ಶೇಕಡಾ 2.5ರ ತಪ್ಪು.

ಆದರೆ ಇದಕ್ಕೆ ಮದ್ದು ಲೆಕ್ಕದಲ್ಲೇ ಇದೆ. ಆರು ಸಲ ಮೊದಲ ಕ್ಲಿಕ್‌ವರೆಗೆ ತುಂಬಿಸಿ. ಮೊದಲ ಸಲ ತುಂಬಿಸಿದಾಗಿನ ಓಡೋಮೀಟರ್ ಆರಂಭ. ಆಮೇಲಿನ ಐದು ಸಲದ ಲೀಟರ್‌ಗಳನ್ನು ಕೂಡಿ. ಒಟ್ಟು ದೂರವನ್ನು ಒಟ್ಟು ಲೀಟರ್‌ನಿಂದ ಭಾಗಿಸಿ. ನಡುವಿನ ಕ್ಲಿಕ್‌ಗಳ ವ್ಯತ್ಯಾಸ ಒಂದನ್ನೊಂದು ಕಳೆದುಕೊಳ್ಳುತ್ತದೆ, ಉಳಿಯುವುದು ಮೊದಲನೆಯ ಮತ್ತು ಕೊನೆಯ ಕ್ಲಿಕ್‌ನದು ಮಾತ್ರ. 200 ಲೀಟರಿನಲ್ಲಿ ಒಂದು ಲೀಟರ್ ತಪ್ಪಿದರೆ ಶೇಕಡಾ 0.5. ಅಂಚಿನವರೆಗೆ ತುಂಬಿಸಿ ಒಂದೇ ಸಲ ಅಳೆದವರಿಗೂ ಇಷ್ಟು ನಿಖರತೆ ಸಿಗುವುದು ಕಷ್ಟ, ಯಾಕೆಂದರೆ ನೊರೆ, ಇಳಿಜಾರು, ಉಷ್ಣತೆ ಎಲ್ಲ ಅಲ್ಲೂ ಇವೆ.

ಗೇಜ್ ನೋಡಿ ಲೆಕ್ಕ ಮಾಡಬೇಡಿ. ತೇಲುವ ಬೆಂಡು ಟ್ಯಾಂಕಿನ ಮೇಲ್ತುದಿಯಲ್ಲಿ ತಡೆದು ನಿಲ್ಲುವುದರಿಂದ ತುಂಬಿದ ಮೇಲೆ ಬಹಳ ದೂರ ‘ಫುಲ್’ ಎಂದೇ ತೋರಿಸುತ್ತದೆ. ಮೂರು ನಾಲ್ಕು ಲೀಟರ್ ಮಾತ್ರ ಹಾಕಿದಾಗ ಗೇಜ್ ಏಳದೆಯೂ ಇರಬಹುದು, ಅದು ದೋಷವಲ್ಲ.

## ಪೆಟ್ರೋಲ್ ಕಡಿಮೆ ಬಳಸುವವರು ಎಷ್ಟು ತುಂಬಿಸಬೇಕು

ಪ್ಲಗ್-ಇನ್ ಇದ್ದು ದಿನದ ಓಡಾಟವೆಲ್ಲ ಬ್ಯಾಟರಿಯಲ್ಲೇ ಮುಗಿಯುತ್ತಿದ್ದರೆ ಫುಲ್ ಟ್ಯಾಂಕ್ ಮಾಡುವುದೇ ಬೇಡ. ಪೆಟ್ರೋಲ್ ಹಳತಾಗುತ್ತ ಹೋದಂತೆ ಅದರ ಹಗುರ ಅಂಶ ಹೋಗಿ ಅಂಟು ಉಳಿಯುತ್ತದೆ. ವೋಲ್ಟ್‌ನಂಥ ಕಾರು ಟ್ಯಾಂಕಿನ ಪೆಟ್ರೋಲ್ ಸರಾಸರಿ ಒಂದು ವರ್ಷ ಹಳತಾಯಿತೆಂದರೆ ತಾನೇ ಎಂಜಿನ್ ಓಡಿಸಿ ಅದನ್ನು ಉರಿಸಿ ಮುಗಿಸುತ್ತದೆ. ಕೆಲವು ಕಂಪನಿಗಳ ಕೈಪಿಡಿ ಇಂತಿಷ್ಟು ತಿಂಗಳಿಗೊಮ್ಮೆ ಇಂತಿಷ್ಟು ಲೀಟರ್ ಹೊಸ ಪೆಟ್ರೋಲ್ ಹಾಕಲೇಬೇಕು ಎನ್ನುತ್ತದೆ. ಟ್ಯಾಂಕ್ ತುಂಬಿಕೊಂಡಿದ್ದರೆ ಆ ಹೊಸ ಪೆಟ್ರೋಲಿಗೆ ಜಾಗವೇ ಇರುವುದಿಲ್ಲ, ಸಂದೇಶ ಮಾತ್ರ ಬರುತ್ತಲೇ ಇರುತ್ತದೆ.

ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಟ್ಟುಕೊಳ್ಳಿ, ತಿಂಗಳಿಗೆ ಒಂದೆರಡು ಸಲ ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ಇಪ್ಪತ್ತು ಮೂವತ್ತು ನಿಮಿಷ ಹೆದ್ದಾರಿಯಲ್ಲಿ ಓಡಿಸಿ. ಅಷ್ಟರಲ್ಲಿ ಪೆಟ್ರೋಲೂ ಸ್ವಲ್ಪ ಇಳಿಯುತ್ತದೆ, ಕ್ಯಾನಿಸ್ಟರೂ ಒಣಗುತ್ತದೆ. ದೂರದ ಪ್ರಯಾಣಕ್ಕೆ ಫುಲ್ ಟ್ಯಾಂಕ್ ಬೇಕೆಂದರೆ ಹಿಂದಿನ ರಾತ್ರಿ ತುಂಬಿಸಿ ನಿಲ್ಲಿಸದೆ, ಹೊರಟ ಮೇಲೆ ದಾರಿಯಲ್ಲಿ ಸಿಗುವ ಮೊದಲ ಬಂಕಿನಲ್ಲಿ ತುಂಬಿಸಿ.